ಶಹಾಬಾದಿನಾಗ ಅರ್ಥಿಂಗ್

ಗೇಣು ಮಣ್ಣು. ಅದರ ಕೆಳಗ ಪರಸಿ.
ಪರಸಿ ಕೆಳಗ ಪರಸಿ.
ತಾಮ್ರದ ಸರಳು ಮೊದಲ ಏಟಿಗೆ ಸುಮ್ಮನ ಇಳೀತು,
ಎರಡನೇದಕ್ಕೂ ಇಳೀತು,
ಮೂರನೇದಕ್ಕ ಠಣ್ ಅಂತು,
ಯಾರೋ ಒಳಗಿಂದ ಅಗಳಿ ಹಾಕ್ಕೊಂಡಂಗ.

ಈ ಊರಾಗ ಮನಿ ನೆಲ ಕಲ್ಲು, ಗ್ವಾಡಿ ಕಲ್ಲು,
ನಮ್ಮ ಮುತ್ಯಾನ ಸಮಾಧಿ ಮ್ಯಾಲಿಂದೂ ಇದೇ ಕಲ್ಲು.
ಇಪ್ಪತ್ತಾರು ವರ್ಷ ರೈಲ್ವೆ ಸಿಗ್ನಲ್ ಖಾತೆದಾಗ
ವಾಡಿಯಿಂದ ನಾಲವಾರ ತನಕ
ಡಬ್ಬಿ ಡಬ್ಬಿಗೂ ನೆಲ ಕೊಟ್ಟಾಂವ ನಾ,
ಮೆಗ್ಗರಿನ ಮುಳ್ಳು ನೋಡಿ ಸಹಿ ಹಾಕ್ದಾಂವ.
ನನ್ನ ಅಂಗಳದಾಗ ನನಗ ನೆಲ ಇಲ್ಲ.

ಬೇವಿನ ಗಿಡದಿಂದ ನೀರಿನ ಟಾಕಿ ತನಕ
ಎಪ್ಪತ್ತು ಫೂಟ್ ತಂತಿ ಎಳದೀನಿ ಮಾಳಿಗಿ ಮ್ಯಾಲ.
ರಾತ್ರಿ ರೇಡಿಯೊ ಹಚ್ಚಿದ್ರ
ಕರಾಚಿ ಇಲ್ಲ, ಕೊಲಂಬೊ ಇಲ್ಲ;
ಸಿಮೆಂಟ್ ಕಾರ್ಖಾನಿ ಮೋಟರಿನ ಗೊರಗೊರ,
ಬಗಲ ಮನಿ ಇನ್ವರ್ಟರಿನ ನೊಣ,
ಓಣಿ ದೀಪದ ಚಿಟಿಚಿಟಿ.
ಗದ್ದಲಕ್ಕೂ ಹೋಗ್ಲಾಕ ಒಂದು ಜಾಗ ಬೇಕಲ್ಲ?
ಅದು ನನ್ನ ಕಿವ್ಯಾಗ ಬಿಡಾರ ಹೂಡ್ಯಾದ.

ಉಪ್ಪು ಸುರುವಿದೆ, ಇದ್ದಿಲು ತುಂಬಿದೆ.
ಕುಣಿ ಎಷ್ಟು ಅಂತೀರಿ? ಇಳದು ನಿಂತ್ರ ಮೊಣಕಾಲಿಗಿಲ್ಲ.
ಎರಡು ದಿನ ಛಂದ ಕೇಳ್ತು.
ಮೂರನೇ ದಿನದ ಬಿಸಲಿಗೆ ಉಪ್ಪು ಮ್ಯಾಲ ಬಂದು
ಬೆಳ್ಳಗ ಹಲ್ಲು ಕಿಸೀತು.

ಲಾಡ್ಲೆಸಾಬ್ ಬಂದ. ನಲವತ್ತು ವರ್ಷ ಖಣಿಯಾಗ ಕಲ್ಲೆಬ್ಬಿಸಿದಾಂವ.
ಹಾರಿ ಕೇಳಲಿಲ್ಲ, ಸುತ್ತಿಗಿ ಕೇಳಲಿಲ್ಲ. ಬೀಡಿ ಹಚ್ಚಿ
ಅಂಗಳದ ತುಂಬ ಬರಿಗಾಲೀಲೆ ಅಡ್ಡಾಡಿದ,
ಹಿಮ್ಮಡಿಲೇ ಬಡದು ಬಡದು ಕಿವಿಗೊಟ್ಟ.
"ಕಲ್ಲಿನ ಸಂಗಟ ಜಗಳ ಯಾಕ ಭೀಮಶಾ?
ಇದು ವಹಿ ಇದ್ದಂಗ, ಹಾಳಿ ಮ್ಯಾಲ ಹಾಳಿ ಮಲಗ್ಯಾದ.
ತೂತು ಹೊಡಿಬ್ಯಾಡ, ನಡುವ ಸೇರಸು."
"ನಡುವ ಅಂದ್ರ ಎಲ್ಲಿ?"
"ನೀರು ಎಲ್ಲಿ ಹೋಗಿ ವಾಪಸ್ ಬರಂಗಿಲ್ಲೋ, ಅಲ್ಲಿ."

ಅಂಥಾ ಜಾಗ ಒಂದೇ ಇತ್ತು.
ನಮ್ಮ ಗ್ವಾಡಿಗೆ ಹತ್ತಿ, ಆಚಿ ಬಾಜು,
ಜಗದೇವಿ ಭಾಂಡಿ ತಿಕ್ಕೋ ಕಟ್ಟಿ.
ಆ ನೀರು ಒಂದು ಸಂದಿನಾಗ ಇಳೀತದ,
ಎಲ್ಲಿಗೆ ಅಂತ ಆಕಿಗೂ ಗೊತ್ತಿಲ್ಲ.

ಕೇಳ್ಲಾಕ ಹೋದೆ. ಮಾರಿ ಮ್ಯಾಲೆತ್ತಲಿಲ್ಲ ಆಕಿ.
"ಕರೆಂಟ್ ಹೊಡಿತದೇನ್ರಿ?"
"ಇಲ್ಲವ್ವಾ, ಇದು ಬರೇ ಸಪ್ಪಳ ಇಳೀಲಾಕ."
"ಇಳೀಲಿ ಬಿಡ್ರಿ. ನಮ್ಮನಿದೂ ಭಾಳ ಅದ."

ಗ್ವಾಡ್ಯಾಗ ತೂತು ಕೊರದು
ಸುಲಿದ ತಂತಿ ಸಂದಿನಾಗ ತುರುಕಿದೆ
ಬೆರಳಿಲೇ, ಗಾಯಕ್ಕ ಬತ್ತಿ ಇಟ್ಟಂಗ.

ಈಗ ರಾತ್ರಿ ಒಂಬತ್ತಕ್ಕ ಆಕಿ ತಾಟು ತೊಳೀತಾಳ.
ಬೂದಿ, ಸಬಕಾರ, ಪುಂಡಿಪಲ್ಯದ ಹುಳಿನೀರು
ಕಲ್ಲಿನ ನಡುವ ಸರೀತದ.
ಇತ್ತ ರೇಡಿಯೊದಾಗ ನೊಣ ಒಂದೊಂದೇ ಎದ್ದು ಹೋಗಿ
ದೂರದ ಒಬ್ಬಾಂವ, ಯಾವ ಊರೋ, ಯಾವ ಭಾಷಿನೋ,
ಗಂಟಲ ಸರಿ ಮಾಡ್ಕೊಳ್ಳೋದು ಸೈತ ಕೇಳ್ತದ.

ಹೋದ ವಾರ ಆಕಿ ಸೇಡಮಿಗೆ, ಅಕ್ಕನ ಮನಿಗೆ ಹೋಗಿದ್ದಳು.
ನನಗ ಯಾರೂ ಹೇಳಿರಲಿಲ್ಲ.
ಎರಡನೇ ರಾತ್ರಿ ಗೊರಗೊರ ತಿರುಗಿ ಬಂತು,
ಆಗ ತಿಳೀತು.

ಗ್ವಾಡಿ ಮ್ಯಾಲಿಂದ ನಾನೇ ಒಂದು ಕೊಡ ಸುರುವಿದೆ.
ಬರೇ ನೀರು.
ಸ್ವಲ್ಪ ಕೇಳ್ತು, ಭಾಳಿಲ್ಲ.

ಪುಂಡಿಪಲ್ಯ ಬೇಕೇನೋ ಈ ನೆಲಕ್ಕ.
ಲಾಡ್ಲೆಸಾಬಗ ಕೇಳಬೇಕು.