ಖಾಲಿ ಹೊಟ್ಟಿ

"ಖಾಲಿ ಹೊಟ್ಟಿಲೆ ಬಂದೀರೇನ್ರಿ?" ಅಂತು
ಸೂಜಿ ಹಿಡಕೊಂಡ ಹುಡುಗಿ, ಗದಗಿನ ಲ್ಯಾಬಿನಾಗ.
ನಕ್ಕೆ. ಇಪ್ಪತ್ತೆರಡ ವರ್ಷ ಆತವ್ವಾ,
ಖಾಲೀನ ಅದೀನಿ.

ನಾಕಕ್ಕ ಏಳತೀನಿ. ರವಾ ಹುರಿಯೂದು,
ಉಳ್ಳಾಗಡ್ಡಿ ಹೆಚ್ಚೂದು, ಚುರಮರಿ ತೋಯ್ಸಿ ಸುಸಲಾ.
ಬೆಟಗೇರಿ ಮಗ್ಗ ಸುರುವಾಗೂದರಾಗ
ನಲವತ್ತ ಪ್ಲೇಟು.
ಉಪ್ಪು ಸರಿ ಐತೇನಂತ
ನಾಲಿಗಿ ತುದಿಗೆ ಒಂದ ಅಗಳು,
ಅದ ನನ್ನ ನಾಷ್ಟಾ.
ಆಮ್ಯಾಲೆ ಚಾ, ಚಾ, ಮತ್ತ ಚಾ.
ಊಟ ಮೂರಕ್ಕ, ಬೋಗಾಣಿ ತಿಕ್ಕಿದ ಮ್ಯಾಲೆ.
ಆಗ ತಿನ್ನೂದಲ್ಲ, ನುಂಗೂದು.

ಡಾಕ್ಟರು ಚೀಟಿ ನೋಡಿ ಸಕ್ಕರಿ ಅಂದ್ರು,
ಬಿ.ಪಿ. ಅಂದ್ರು.
"ಮುಂಜಾನೆ ಏನ ತಿಂತೀರಿ?"
ಬಾಯಿ ಕಟ್ಟಿತು.
ಇಡೀ ಓಣಿ ಏನ ತಿಂತೈತಿ, ನನಗ ಬಾಯಿಪಾಠ:
ಹೂಗಾರಗ ಖಾರ ಕಡಿಮಿ,
ನದಾಫಗ ಮ್ಯಾಲೊಂದಿಷ್ಟು ಶೇವು.
ನನ್ನದು ಕೇಳಿದ್ರ ಗೊತ್ತಿಲ್ಲ.

ಇವತ್ತ ಮೊದಲನೇ ಪ್ಲೇಟು ನನಗ.
ರಾತ್ರಿದ ರೊಟ್ಟಿ, ಮೊಸರು,
ಚಿಟಿಕಿ ಅಗಸಿ ಹಿಂಡಿ.
ಬಕೀಟ ಬೋರಲ ಹಾಕಿ ಕುಂತೆ.
ಹೊರಗ ನದಾಫ ಕೂಗಿದ, "ಅವ್ವಾ, ತಡಾ ಆತು!"
"ಆಗೇತಿ ತಮ್ಮಾ," ಅಂದೆ ರೊಟ್ಟಿ ಮುರಕೊಂತ,
"ಭಾಳ ತಡಾ ಆಗೇತಿ.
ತಡಿ."