ಬಾಕಿ ಚಿಲ್ಲರೆ

ಮೆಗ್ಗಾನ್ ಆಸ್ಪತ್ರೆ. "ಮಕ್ಕಳೆಷ್ಟು?" ಅಂದರು
ಸಿಸ್ಟರ್ ಗ್ಲಾಡಿಸ್, ತಲೆಯೆತ್ತದೆ.
ಮದುವೆಯೇ ಆಗಿಲ್ಲ ಅಂದೆ. ಪೆನ್ನು ನಿಂತಿತು.

ಬಸಿರು ತಡೆಯಲೆಂದು ಮಾಡಿದ ಸೂಜಿ ಅದು.
ನನಗೆ ಬೇಕಿರುವುದು ಭದ್ರಾವತಿ ಟ್ರಿಪ್ಪಿನಲ್ಲಿ
ಕಂಬಿ ಹಿಡಿಯದೆ ನಿಲ್ಲುವಷ್ಟು ಸೊಂಟ.

ಗರ್ಭದೊಳಗಿನ ಪದರ ದಾರಿ ತಪ್ಪಿ
ಕರುಳಿಗೆ ಅಂಟಿಕೊಂಡಿದೆಯಂತೆ, ಅಲ್ಲೂ ತಿಂಗಳಾಗುತ್ತಂತೆ.
"ಎಲ್ಲರಿಗೂ ಇದ್ದದ್ದೇ" ಅನ್ನುತ್ತಿದ್ದಳು ಅವ್ವ,
ಹದಿನಾಲ್ಕು ವರ್ಷ.

ಚುಚ್ಚಿದರೆ ಮುಟ್ಟು ನಿಲ್ಲಬಹುದು,
ನಿಲ್ಲದೆ ಹನಿಹನಿ ಸೋರಲೂಬಹುದು.
ಮೂಳೆ ಸ್ವಲ್ಪ ಸವೆಯಬಹುದು, ಮೈ ಊದಬಹುದು.
ಒಳಹೋದ ಮದ್ದನ್ನು ಮೂರು ತಿಂಗಳು
ಯಾರೂ ವಾಪಸ್ ತೆಗೆಯಲಾರರು.
ಡಾಕ್ಟರು ಮುಚ್ಚಿಡಲಿಲ್ಲ, ಬೆರಳು ಮಡಚಿ ಎಣಿಸಿದರು.

ಚಿಲ್ಲರೆ ಇಲ್ಲದಾಗ ಟಿಕೆಟ್ಟಿನ ಹಿಂದೆ
ಬಾಕಿ ಗೀಚಿಕೊಡುವವಳು ನಾನು.
ಇವತ್ತು ತೋಳು ಚಾಚುತ್ತ
ಮೂಳೆಗಳಿಗೂ ಅದನ್ನೇ ಹೇಳಿದೆ:
ಇಳಿಯೋ ಮುಂಚೆ ಕೇಳಿ ಇಸ್ಕೊಳ್ಳಿ.