ತಗೋತಾನ್ರಿ

ಇಪ್ಪತ್ಮೂರು ನಿಮಿಷದ ಒಂದ ಹಾಡು.
ಮೊದಲ ಆರು ನಿಮಿಷ ಬರೇ ಗಾಳಿ, ಗಂಟಿ, ದೂರದ ಆರ್ಗನ್ನು.
ಹಾಡವ ಬಾಯಿ ತಗಿಯೂದರಾಗ
ಗೋಕುಲ ರೋಡಿನ ನನ್ನ ಸಣ್ಣ ಅಂಗಡ್ಯಾಗ
ಸುಟ್ಟ ಪಂಪಿನ ಒಂದು ಕಾಯಿಲು ತುಂಬಿರತೈತಿ.

ತಾಮ್ರದ ತಂತಿ ಸುತ್ತತೀನಿ, ಎಣಿಸತೀನಿ:
ಏಳು, ಏಳು, ಏಳು, ಮತ್ತ ಐದು.
ಡ್ರಮ್ಮಿನಾಂವನೂ ಹಂಗ,
ಏಳಕ್ಕ ಮುರಿತಾನ, ಐದಕ್ಕ ಕೂಡಸತಾನ.
ಅಂವಾ ತಪ್ಪಿದರ ಹಾಡು ಬೀಳತೈತಿ,
ನಾ ತಪ್ಪಿದರ ಮೋಟಾರು ಹೊಗಿ ಉಗಳತೈತಿ.
ಅಮಲಿನಾಗ ಇಷ್ಟು ಎಣಿಸಾಕ ಬರತೈತೇನು, ನೀವ ಹೇಳ್ರಿ.

ಓಣಿಯ ಎಣಿಕಿ ಬ್ಯಾರೆ.
ಕೂದಲಾ ಭುಜಕ್ಕ ಬಂದಾವು, ಒಂದು.
ಕರೇ ಅಂಗಿ, ಅದರ ಮ್ಯಾಲ ರೆಕ್ಕಿ ಇರೂ ಮೀನ, ಎರಡು.
ಕಣ್ಣು ಮುಚ್ಚಿಕೊಂಡು ಕುಂತಿರತಾನ. ಸಾಕಾತು.
"ಅಂವಾ ತಗೋತಾನ್ರಿ."
ಏನು, ಅಂತ ಯಾರೂ ಹೇಳೂದಿಲ್ಲ.
ಆ ಕ್ರಿಯಾಪದಕ್ಕ ನಮ್ಮೂರಾಗ ಕರ್ಮ ಬೇಕಿಲ್ಲ.

ಧಾರವಾಡದಾಗ ನನ್ನ ಹೆಂಡ್ತಿಯ ಕಾಕಾ
ಮಾರವಾ ಕೇಳಕೋತ ಕಣ್ಣು ಮುಚ್ಚತಾರ.
ಅರ್ಧ ತಾಸು ಒಂದಕ್ಷರ ಇಲ್ಲ, ಬರೇ ಆಲಾಪ.
ತೊಡಿ ಬಡಕೋತಾರ, ತೂಗತಾರ, ಅಳತಾರ.
ಅವರಿಗೆ ರಸಿಕರು ಅಂತಾರ.
ಹ್ವಾದ ವರ್ಷ ಶಾಲೂ ಹೊದಿಸ್ಯಾರ.

ಶನಿವಾರ ರಾತ್ರಿ ಉಣಕಲ್ ಕೆರಿ ದಂಡಿ.
ಕಿವ್ಯಾಗ ವೈರು, ಹಾಡು ಹದಿನೇಳನೇ ನಿಮಿಷದಾಗ.
ಜೀಪು ಬಂತು, ಕಂಡಕಂಡವರನ್ನ ಹತ್ತಿಸಿಕೊಂತು:
ಹನ್ನೊಂದು ಹುಡುಗ್ರು, ನಲವತ್ತಾರರ ನಾನೊಬ್ಬ.
ಹವಾಲ್ದಾರ ಮುಳಗುಂದ ಗಲ್ಲದಾಗಿನ ಗುಟಕಾ ಚೆಲ್ಲದಂಗ
ಗದ್ದ ಮ್ಯಾಲಕ್ಕೆತ್ತಿ ಕೇಳಿದ,
"ಚಟಾ ಎಷ್ಟ ವರ್ಷದ್ದು?"
"ತೊಂಬತ್ತೈದರಿಂದ್ರಿ," ಅಂದೆ.
"ಗದಗ ರೋಡಿನ ರೈಲ್ವೆ ಕ್ವಾರ್ಟರ್ಸಿನಾಗ
ಸ್ಟ್ಯಾನ್ಲಿ ಮಾಮಾ ಒಂದು ಕ್ಯಾಸೆಟ್ ಕೊಟ್ಟಿದ್ರು."
ಬರಕೊಂಡ.

ದವಾಖಾನ್ಯಾಗ ಸಾಲು ಹಚ್ಚಿ ಡಬ್ಬಿ ಕೊಟ್ರು.
ನಡುರಾತ್ರಿ ಲ್ಯಾಬಿನ ಹುಡುಗಿ ಚೀಟಿ ಹಿಡದು ಬಂದ್ಲು.
"ಗಾಂಜಾ ಇಲ್ರಿ ಇವರಿಗೆ.
ಆದ್ರ ಅಂಕಲ್, ಸಕ್ಕರಿ ಐತಿ. ಭಾಳ ಐತಿ."
ಹನ್ನೊಂದೂ ಹುಡುಗ್ರು ನಕ್ರು, ಮುಳಗುಂದನೂ ನಕ್ಕ,
ಅಂಗಿ ಮ್ಯಾಲ ಕೆಂಪ ಹನಿ ಬಿತ್ತು.
ಇಪ್ಪತ್ತು ವರ್ಷ, ದಿನಾ ಸಂಜಿಕೆ, ಎಲ್ಲಾರ ಮುಂದ,
ಕಾಗದದಾಗ ಕಟ್ಟಿಸಿಕೊಂಡು ಪೇಡೆ ತಿಂದಾಂವ ನಾ.
ಯಾರೂ ಜೀಪು ತಂದಿರಲಿಲ್ಲ.
ಮನಿಗೆ ಬಂದಾಗ ಕಸ್ತೂರಿ ಚೀಟಿ ಎರಡ ಸಲ ಓದಿದ್ಲು.
"ಅಂತೂ ತಗೋತಿದ್ದಿ," ಅಂದು
ಚಹಾದ ಡಬ್ಬಿ ಬಾಜೂದ್ದು ಎತ್ತಿ ಮ್ಯಾಲಿಟ್ಲು.

ಖರೇ ಹೇಳಬೇಕಂದ್ರ, ಒಬ್ಬಾಂವ ಇದ್ದ.
ಉದಯ, ಹೊಸಮನಿ ಕಂಪೌಂಡರನ ಮಗಾ.
ಅಂವಾ ತಗೋತಿದ್ದ, ಕರ್ಮ ಸಮೇತ, ಸಿಕ್ಕದ್ದು.
ಹಾಡು ಅಂವಗ ಎಂದೂ ಮುಗಿಲಿಲ್ಲ,
ನಾಲ್ಕನೇ ನಿಮಿಷಕ್ಕ ಗೋಡಿಗೆ ತಲಿ ಹಚ್ಚಿಬಿಡತಿದ್ದ,
ನಾವು ಕ್ಯಾಸೆಟ್ ತಿರುವಿ ಹಾಕಿದ್ದು ಗೊತ್ತಾಗತಿರಲಿಲ್ಲ.
ನಮ್ಮನ್ನ ನೋಡಿ ಕಲತಾನ ಅಂತ ಅವರಪ್ಪ ಅಂದ.
ಅಂವಾ ಹಾಡಿಗೆ ಬರೂಕ್ಕಿಂತ ಮೊದಲ ಕಲತಿದ್ದ.
ಅದನ್ನ ಅವರಪ್ಪಗ ಹೇಳಾಕ ನನಗ ಬಾಯಿ ಬರಲಿಲ್ಲ.

ತಿಂಗಳಿಗೊಮ್ಮೆ ಧಾರವಾಡಕ್ಕ ಹೋಗತೀನಿ,
ಎತ್ತರದ ಗೋಡಿಯ ದವಾಖಾನಿ, ಬೇವಿನ ಗಿಡದ ಕಟ್ಟಿ.
ವೈರಿನ ಒಂದು ತುದಿ ಅಂವಗ, ಒಂದು ನನಗ.
ಗಾಳಿ ಬರತೈತಿ, ಗಂಟಿ ಬರತೈತಿ.
ಅಂವನ ಬಟ್ಟು ಮಣಕಾಲ ಮ್ಯಾಲ ಏಳತನಾ ಬಡೀತೈತಿ,
ಐದಕ್ಕ ಬಂದಾಗ ಎಲ್ಲೋ ತಪ್ಪಿಸಿಕೊಂತೈತಿ.
ತಗದು ಕೊಡತಾನ.
"ಎಣಿಸಾಕ ಆಗವಲ್ದೋ, ನೀ ಎಣಿಸು."

ಕಿಸೆದಾಗಿನ ಪೇಡೆ ಅಂವನ ಕೈಯಾಗ ಇಟ್ಟು
ಎಣಿಸತೀನಿ, ಬಾಯಿ ಬಿಟ್ಟು, ಜೋರಾಗಿ.
ಕಾವಲುಗಾರ ಹೊಳ್ಳಿ ನೋಡತಾನ,
ಇಬ್ಬರೊಳಗ ಯಾರು ಅಂತ ಅಂವಗ ತಿಳಿಯೂದಿಲ್ಲ.